ಅಮಾವಾಸ್ಯೆಯಂದು ಕೋಟೆ ಏರಿದವರು

ಸೇಲಂನ ನಮ್ಮ ಬೀದಿಯಲ್ಲಿ ಸೀರೆ ನೇಯುತ್ತಿದ್ದ ಅಕ್ಕ, ಯಾರು ಏನು ಬೇಡವೆಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ "ಯಾಕ್ ಬ್ಯಾಡ?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ಅಮಾವಾಸ್ಯೆ, ಮಗ್ಗಗಳಿಗೆ ರಜೆಯ ದಿನ, ಬೀದಿಯವರೆಲ್ಲ ವ್ಯಾನಿನಲ್ಲಿ ಕೆರೆಯಂಚಿನ ಹಳೆಯ ಕೋಟೆಗೆ ಹೋದೆವು. ಅಮಾವಾಸ್ಯೆಯಂದು ಹೆಂಗಸರು ಮೇಲೆ ಹತ್ತಬಾರದೆಂದು ಕಾವಲುಗಾರ ಬಾಗಿಲಿಗೆ ಕೋಲು ಅಡ್ಡ ಹಿಡಿದ.

"ಬಾಕ್ಕಾ, ಇನ್ನೊಂದಿನ ನೋಡಾನ," ಎಂದಳು ನನ್ನ ತಂಗಿ.

"ಇನ್ನೊಂದಿನ ನನ್ ಮಗ್ಗ ನಿನ್ನತ್ತೆ ನೇಯ್ತಾಳೇನೇ?" ಎಂದ ಅಕ್ಕ ಕಾವಲುಗಾರನತ್ತ ತಿರುಗಿದರು. "ತಿಂಗಳೆಲ್ಲ ಮಗ್ಗದ ಗುಂಡೀಲಿ ಕಾಲಿಟ್ಕಂಡು ಕುಂತಿರ್ತೀನಣ್ಣಾ. ಮ್ಯಾಲೆ ಏರಾಕೆ ನಂಗಿರಾದು ಇದೊಂದೇ ದಿನ."

ಕೋಲಿನಡಿ ಬಗ್ಗಿ ಒಳಗೆ ನಡೆದೇಬಿಟ್ಟರು. ತುಸು ಹೊತ್ತಿಗೆ ಕೋಟೆಗೋಡೆಯ ಮೇಲಿಂದ ಅವರ ಕೂಗು ಕೇಳಿತು: "ಕೆರೆ ಪೂರಾ ಕಾಣ್ತೈತೆ, ಬರ್ರೇ ಎಲ್ರೂ!" ಹೆಂಗಸರೆಲ್ಲ ಬಾಗಿಲತ್ತ ನುಗ್ಗಿದಾಗ ಕಾವಲುಗಾರನೇ ಕೋಲು ತೆಗೆದು ಪಕ್ಕಕ್ಕೆ ನಿಂತ.