ಟಾಲಾದ ಇಂಗ್ಲಿಷ್ ಮೇಷ್ಟ್ರು

ನಾನು ಐರ್ಲೆಂಡಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದರೆ ಊರಿನ ಸ್ನೇಹಿತರು ಮೊದಲು ನಗುತ್ತಾರೆ. ಆಮೇಲೆ ನನಗೆ ಬೇಜಾರಾಗಬಾರದೆಂದು ಆ ನಗುವನ್ನು ಕೆಮ್ಮಾಗಿ ಬದಲಾಯಿಸುತ್ತಾರೆ. ಕೊರೋನಾ ಕಾಲದಲ್ಲಿ ಅದನ್ನೂ ಬಿಟ್ಟು ಮತ್ತೆ ನಗುವುದಕ್ಕೇ ಮರಳಿದರು. ನಾನೂ ಬೇಡವೆನ್ನಲಿಲ್ಲ. ಫೋನಿನಲ್ಲಿ ಯಾರಾದರೂ ಕೆಮ್ಮಿದರೂ ಕಿವಿಯಿಂದ ಫೋನನ್ನು ನಾಲ್ಕು ಬೆರಳು ದೂರ ಹಿಡಿಯುವ ಜಾತಿಯವನು ನಾನು.

ಹೆಂಡತಿ ಸುಮ ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಅವಳ ಕೆಲಸಕ್ಕಾಗಿ ಬಂದೆವು, ಅವಳ ಹಿಂದೆ ಸೂಟ್‌ಕೇಸ್ ಎಳೆದುಕೊಂಡು ನಾನು ಬಂದೆ. ಮೈಸೂರಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಟಾಲಾ ಎಂಬ ಇಲ್ಲಿನ ಊರಿನ ಒಂದು ಪ್ರೈಮರಿ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳನ್ನು ಇಬ್ಬಿಬ್ಬರಾಗಿ ಒಂದು ಪುಟ್ಟ ಕೋಣೆಗೆ ಕರೆದು ಇಂಗ್ಲಿಷ್ ರೂಢಿ ಮಾಡಿಸುವುದು. ಮೊದಲ ಲಾಕ್‌ಡೌನ್ ಮುಗಿದು ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ನನಗೆ ಕೊಟ್ಟ ಸಲಕರಣೆ ಇಷ್ಟು: ಚಿತ್ರದ ಕಾರ್ಡುಗಳು, ಸ್ಯಾನಿಟೈಸರ್ ಬಾಟಲಿ, ಮತ್ತು ಯಾವ ಕಾರಣಕ್ಕೂ ಮುಚ್ಚಬಾರದ ಒಂದು ಕಿಟಕಿ.

ಬಾಯಿ ಕಾಣದ ಮೇಷ್ಟ್ರಿಂದ ಭಾಷೆ ಕಲಿಯುವುದೆಂದರೆ ಕೈ ಕಟ್ಟಿಹಾಕಿದ ತಬಲಾ ಮೇಷ್ಟ್ರಿಂದ ತಾಳ ಕಲಿತಂತೆ. ನಾಲಗೆ ಹಲ್ಲಿನ ನಡುವೆ ಬರಬೇಕು ಎಂದು ಮಾಸ್ಕಿನ ಒಳಗೆ ನಾನು ಎಷ್ಟು ಶ್ರದ್ಧೆಯಿಂದ ನಾಲಗೆ ಚಾಚಿದರೂ ಹೊರಗೆ ಕಾಣುತ್ತಿದ್ದದ್ದು ಬಟ್ಟೆಯ ಮೇಲೊಂದು ಉಬ್ಬು. ಮಕ್ಕಳು ಆ ಉಬ್ಬನ್ನೇ ಗಂಭೀರವಾಗಿ ನೋಡುತ್ತಿದ್ದವು. ಮನೆಗೆ ಬಂದು "ಇವತ್ತು ಒಂದು ಮಗು ನನ್ನ ಎದುರಿಗೇ ಸೀನಿತು ಕಣೇ" ಎಂದು ನಡುಗುತ್ತಾ ಹೇಳಿದರೆ, ಹನ್ನೆರಡು ಗಂಟೆ ಕೋವಿಡ್ ವಾರ್ಡಿನಲ್ಲಿ ನಿಂತು ಬಂದ ಸುಮ, "ಹೌದಾ? ಪಾಪ, ಅಡ್ಮಿಟ್ ಮಾಡ್ಕೊಳ್ಲಾ?" ಎಂದು ಕೇಳಿ ಅನ್ನಕ್ಕೆ ನೀರಿಡಲು ಹೋಗುತ್ತಿದ್ದಳು. ಹೆದರಿಕೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಕೆಲಸ ಹೀಗೆ ಹಂಚಿಹೋಗಿದೆ.

ನನ್ನ ಪಟ್ಟಿಯಲ್ಲಿ ಚಾರ್ವಿ ಎಂಬ ಆರು ವರ್ಷದ ಹುಡುಗಿಯಿದ್ದಳು. ಹಾಸನದ ಕಡೆಯವರು. ಹೆಸರು ನೋಡಿ ನನಗಾದ ಹಿಗ್ಗು ಅವಳ ತಾಯಿ ಪ್ರತಿಭಾಗೆ ನನ್ನ ಹೆಸರು ಕೇಳಿ ಆಗಲಿಲ್ಲ. ಗೇಟಿನ ಹೊರಗೆ, ಎರಡು ಮೀಟರ್ ದೂರಕ್ಕೆ ಬಳಿದ ಹಳದಿ ಗೆರೆಯ ಆಚೆ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮೈಸೂರಾ ಸರ್?"

"ಹೌದಮ್ಮ, ಮೈಸೂರೇ."

"ಬೇಜಾರ್ ಮಾಡ್ಕೋಬೇಡಿ ಸರ್. ಇಷ್ಟ್ ದೂರ ಬಂದು ಮತ್ತೆ ನಮ್ಮೋರ ಹತ್ರಾನೇ ಇಂಗ್ಲಿಷ್ ಕಲಿಯೋದಾ ಅಂತ ನಮ್ಮನೆಯೋರು ಒಂದ್ ಮಾತು ಅಂದ್ರು. ಇಲ್ಲಿಯೋರು ಯಾರೂ ಇಲ್ವಾ?"

ಹೋಟೆಲಿಗೆ ಬಂದವರು ಇಡ್ಲಿ ಮಾಡುವವನ ಊರು ಕೇಳುವುದು ಅನ್ಯಾಯವಲ್ಲ. ಬೇರೆ ಯಾರೂ ಇಲ್ಲ ಎಂದೆ. ಹಾಗಿದ್ದರೆ ಒಂದು ಉಪಕಾರ ಮಾಡಿ, ಅವಳ ಹತ್ತಿರ ಒಂದಕ್ಷರ ಕನ್ನಡ ಆಡಬೇಡಿ ಎಂದರು. ಮಾತು ಕೊಟ್ಟೆ. ಮಾತು ಕೊಡುವುದು ನನಗೆ ಸುಲಭ. ಇಲ್ಲ ಎನ್ನಲು ಬೇಕಾಗುವ ಧೈರ್ಯ ಅದಕ್ಕೆ ಬೇಕಾಗುವುದಿಲ್ಲ.

ತೊಂದರೆಯೆಂದರೆ ಚಾರ್ವಿ ಮಾತೇ ಆಡಲಿಲ್ಲ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಜೊತೆಗಿದ್ದ ಬ್ರೆಜಿಲಿನ ಹುಡುಗಿ ನನ್ನ ಮೂಗಿನ ಬಗ್ಗೆ ಇಂಗ್ಲಿಷಿನಲ್ಲಿ ಟೀಕೆ ಮಾಡುವಷ್ಟು ಮುಂದುವರಿದಳು. ಚಾರ್ವಿ ಮಾತ್ರ ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಫೋಟೋ ತೆಗೆಸಿಕೊಳ್ಳುವವಳಂತೆ ಕೂತಿರುತ್ತಿದ್ದಳು. ಕ್ಲಾಸಿನಲ್ಲೂ ಅಷ್ಟೇ, ಆಟದ ಅಂಗಳದಲ್ಲೂ ಅಷ್ಟೇ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಬೆರಳು, ಅಷ್ಟೇ.

ನವೆಂಬರಿನಲ್ಲಿ ಪ್ರಿನ್ಸಿಪಾಲ್ ನನ್ನನ್ನು ಕರೆದರು. ಮೇಜಿನ ಮೇಲೆ ಒಂದು ಫಾರ್ಮ್. ಕ್ರಿಸ್ಮಸ್ ರಜೆಗೆ ಮೊದಲು ಮಗು ಮಾತಾಡದಿದ್ದರೆ ತಜ್ಞರ ಹತ್ತಿರ ಪರೀಕ್ಷೆಗೆ ಕಳಿಸೋಣ, ನಿಮ್ಮ ಅಭಿಪ್ರಾಯ ಬರೆಯಿರಿ ಎಂದರು. ಅದರಲ್ಲಿ ತಪ್ಪೇನಿಲ್ಲ, ಬೇಕಾದ ಮಕ್ಕಳಿಗೆ ಅದೇ ದಾರಿ. ಆದರೆ ವಿಷಯ ತಿಳಿದ ಪ್ರತಿಭಾ ಗೆರೆಯಾಚೆ ನಿಂತು ಅತ್ತೇಬಿಟ್ಟರು. "ಅವಳಿಗೇನೂ ಆಗಿಲ್ಲ ಸರ್. ಊರಲ್ಲಿ ಅವಳ ಬಾಯಿ ಮುಚ್ಚಿಸೋಕೆ ಚಕ್ಕುಲಿ ಕೊಡ್ತಿದ್ವಿ." ಎರಡು ಮೀಟರ್ ದೂರದಿಂದ ಅಳುವವರನ್ನು ಸಮಾಧಾನ ಮಾಡುವುದು ಹೇಗೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ನಾನು ಸ್ಯಾನಿಟೈಸರ್ ಬಾಟಲಿ ಮುಂದೆ ಚಾಚಿದೆ. ಯಾಕೆಂದು ಈಗಲೂ ಗೊತ್ತಿಲ್ಲ.

ಫಾರ್ಮ್ ಕೊಟ್ಟ ದಿನವೇ ಪ್ರಿನ್ಸಿಪಾಲ್ ಇನ್ನೊಂದು ಮಾತು ಕೇಳಿದ್ದರು: "ನಿಮಗೆ ಅವಳ ಭಾಷೆ ಬರುತ್ತಲ್ಲ, ಅದರಲ್ಲಿ ಮಾತಾಡಿಸಿ ನೋಡಿದಿರಾ?" ತಾಯಿಗೆ ಮಾತು ಕೊಟ್ಟಿದ್ದೇನೆ ಎಂದೆ. ಅದಕ್ಕೆ ಅವರೊಂದು ಹಳೆಯ ಕಥೆ ಹೇಳಿದರು. ಅವರ ಅಜ್ಜಿಯ ಅಜ್ಜಿಯ ಕಾಲದಲ್ಲಿ ಶಾಲೆಗೆ ಹೋಗುವ ಮಕ್ಕಳ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರಂತೆ. ಮನೆಯ ಭಾಷೆಯಾದ ಐರಿಷ್ ಮಾತಾಡಿದಾಗಲೆಲ್ಲ ಕಡ್ಡಿಯ ಮೇಲೊಂದು ಗೀಟು, ಸಂಜೆ ಗೀಟು ಎಣಿಸಿ ಏಟು. ಹಾಗೆ ಹೊರಟುಹೋದ ಭಾಷೆಯನ್ನು ಈಗ ಸರ್ಕಾರ ಪುಸ್ತಕ ಹಂಚಿ ವಾಪಸ್ ಕರೆಯುತ್ತಿದೆ. ಅವರು ಇದನ್ನು ನನಗೆ ಚುಚ್ಚಲು ಹೇಳಲಿಲ್ಲ. ಚುಚ್ಚಿಸಿಕೊಳ್ಳುವುದು ನನ್ನ ಸ್ವಂತ ಪ್ರತಿಭೆ. ಮೈಸೂರಿನ ನನ್ನ ಕ್ಲಾಸಿನ ಗೋಡೆಯ ಮೇಲೆ ನಾನೇ ಸ್ಕೆಚ್ ಪೆನ್ನಿನಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ ಬರೆದ ಚಾರ್ಟ್ ಇತ್ತು: ಇಂಗ್ಲಿಷ್ ಅಥವಾ ಮೌನ. ಕನ್ನಡದಲ್ಲಿ ಸಿಕ್ಕಿಬಿದ್ದವರು ಇನ್ನು ಮುಂದೆ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ ಎಂದು ಐವತ್ತು ಸಲ ಬರೆಯಬೇಕಿತ್ತು. ಹೂಬಳ್ಳಿ ಚೆನ್ನಾಗಿ ಬಂದಿದೆ ಎಂದು ಇನ್ಸ್‌ಪೆಕ್ಟರ್ ಹೊಗಳಿದ್ದರು.

ಇಷ್ಟಾದ ಮೇಲೆ ಮರುದಿನ ನಾನು ಕನ್ನಡದಲ್ಲಿ ಮಾತಾಡಿಸಿದೆ ಎಂದು ನೀವು ಭಾವಿಸಿದರೆ ನನ್ನನ್ನು ತುಂಬ ಮೇಲಕ್ಕೇರಿಸಿದಿರಿ. ಮಾತಾಡಿಸಲಿಲ್ಲ. ಕೋಟು, ಮಫ್ಲರು, ಮಂಕಿಕ್ಯಾಪು ಏರಿಸಿಕೊಂಡು ಕಿಟಕಿಯ ಪಕ್ಕ ಕೂತು, ಎಂದಿನಂತೆ ಇಂಗ್ಲಿಷಿನಲ್ಲಿ ಪ್ರಾಣಿಗಳ ಕಾರ್ಡುಗಳನ್ನು ಹರಡಿದೆ. ಬ್ರೆಜಿಲಿನ ಹುಡುಗಿ ಅಂದು ಬಂದಿರಲಿಲ್ಲ. ಆಗ ಹೊರಗಿನಿಂದ ಒಂದು ಗಾಳಿ ಬಂತು ನೋಡಿ, ಹುಲಿ, ಕುದುರೆ, ಕುರಿ ಎಲ್ಲ ಏಕಕಾಲಕ್ಕೆ ಎದ್ದು ಕೋಣೆ ತುಂಬ ಓಡಿದವು.

"ಅಯ್ಯಯ್ಯೋ, ಎಲ್ಲಾ ಹಾರ್ಹೋಯ್ತಲ್ಲಪ್ಪಾ!" ಎಂದೆ. ನಾನು ಎನ್ನುವುದಕ್ಕಿಂತ ನನ್ನ ಬಾಯಿ ಎನ್ನಬೇಕು. ನನ್ನ ಅನುಮತಿ ಅದು ಕೇಳಲಿಲ್ಲ.

"ಸರ್, ಆನೆ ಬೀರು ಕೆಳಗೆ ಹೋಯ್ತು," ಎಂದಳು ಚಾರ್ವಿ.

ಹೇಳಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ನೆಲದ ಮೇಲೆ ಮಂಡಿಯೂರಿದ್ದವನು ಹಾಗೆಯೇ ಉಳಿದೆ.

"ಅಮ್ಮಂಗೆ ಹೇಳ್ಬೇಡಿ ಸರ್."

"ಏನು ಹೇಳ್ಬಾರ್ದು ಪುಟ್ಟಿ?"

"ಕನ್ನಡ ಮಾತಾಡ್ದೆ ಅಂತ. ಸ್ಕೂಲಲ್ಲಿ ಇಂಗ್ಲಿಷೇ ಮಾತಾಡು, ಬರ್ದೇ ಇದ್ರೆ ಸುಮ್ನಿರು ಅಂತ ಅಮ್ಮ ಹೇಳಿದಾಳೆ. ಅದಕ್ಕೆ ಸುಮ್ನಿದೀನಿ."

"ಮತ್ತೆ ಮನೇಲಿ?"

"ಮನೇಲಿ ಅಪ್ಪಂಗೆ ಕಾಲ್ ಇರತ್ತೆ."

ಎರಡು ಕೋಣೆಯ ಮನೆ, ಬೆಳಗಿಂದ ಸಂಜೆವರೆಗೆ ಅಪ್ಪನ ಆಫೀಸು. ಅಲ್ಲಿ ತುಟಿಯ ಮೇಲೆ ಬೆರಳು, ಇಲ್ಲಿ ಅಮ್ಮನ ಆಜ್ಞೆ. ಆ ಮಗುವಿಗೆ ಯಾವ ತೊಂದರೆಯೂ ಇರಲಿಲ್ಲ. ಹೇಳಿದ ಮಾತು ಕೇಳುವ ಒಳ್ಳೆಯ ಮಗು, ಅಷ್ಟೇ. ಆಮೇಲಿನ ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ. ತೆರೆಯಲು ಅವಳು ಬಿಡಲಿಲ್ಲ. ಯಾರ ಟಿಫನ್ ಬಾಕ್ಸಿನಲ್ಲಿ ಏನಿರುತ್ತದೆ, ಯಾರು ಪೆನ್ಸಿಲ್ ಕಚ್ಚುತ್ತಾರೆ, ಕ್ಲಾಸ್ ಟೀಚರಿಗೆ ಯಾವಾಗ ಸಿಟ್ಟು ಬರುತ್ತದೆ, ಎಲ್ಲ ವರದಿ. ಎರಡೂವರೆ ತಿಂಗಳು ಇಂಗ್ಲಿಷಿನಲ್ಲಿ ನಡೆದದ್ದೆಲ್ಲ ಅವಳಿಗೆ ಅರ್ಥವಾಗಿತ್ತು.

ಪ್ರತಿಭಾಗೆ ಈ ಸಂಗತಿಯನ್ನು ಎರಡು ಮೀಟರ್ ದೂರದಿಂದ ಕೂಗಿಯೇ ಹೇಳಿದೆ. ಟಾಲಾದಲ್ಲಿ ಕನ್ನಡಿಗನಾಗಿರುವುದರ ಸೌಭಾಗ್ಯವೇ ಇದು, ಗುಟ್ಟನ್ನು ಕೂಗಿ ಹೇಳಬಹುದು.

"ನಮ್ಗೂ ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ದು ಸರ್," ಎಂದರು ಪ್ರತಿಭಾ. ನಾನು ಹಳದಿ ಗೆರೆಯನ್ನು ಪರೀಕ್ಷಿಸಿದೆ. ಹಾಸನದಲ್ಲಿ ನಾನು ಪಾಠ ಮಾಡಿಲ್ಲ ಎಂಬುದನ್ನು ಎರಡೆರಡು ಸಲ ಮನಸ್ಸಿನಲ್ಲೇ ಖಚಿತ ಮಾಡಿಕೊಂಡೆ.

ಅಮ್ಮನ ಆಜ್ಞೆ ರದ್ದಾಯಿತು, ಕನ್ನಡದ ಹಿಂದೆಯೇ ಇಂಗ್ಲಿಷೂ ಹೊರಬಿತ್ತು, ಫಾರ್ಮ್ ಖಾಲಿಯಾಗಿಯೇ ಡ್ರಾಯರ್ ಸೇರಿತು. ಜನವರಿಯಲ್ಲಿ ಶಾಲೆ ಮತ್ತೆ ಮುಚ್ಚಿ ಮಾರ್ಚಿನಲ್ಲಿ ತೆರೆಯಿತು. ಮೇ ತಿಂಗಳ ಹೊತ್ತಿಗೆ ಚಾರ್ವಿ ನನ್ನ ಉಚ್ಚಾರಣೆ ತಿದ್ದುತ್ತಿದ್ದಳು, "ಇಲ್ಲಿ ಹಾಗನ್ನಲ್ಲ, ಟೀಚರ್" ಎಂದು, ಇಂಗ್ಲಿಷಿನಲ್ಲೇ, ಟಾಲಾದವರ ರಾಗದಲ್ಲೇ, ಮಾತಿನ ಬಾಲಕ್ಕೆ ಅವರದೇ ‘ಲೈಕ್’ ಅಂಟಿಸಿ. ಅವಳಿಗೆ ನನ್ನ ಅಗತ್ಯವಿಲ್ಲವೆಂದು ಪಟ್ಟಿಯಿಂದ ಹೆಸರು ತೆಗೆದರು. ನನ್ನದು ಗೆದ್ದಷ್ಟೂ ಗಿರಾಕಿ ಕಳೆದುಕೊಳ್ಳುವ ಕಸುಬು.

ಜೂನಿನಲ್ಲಿ ಪ್ರತಿಭಾ ಮತ್ತೆ ಹಿಡಿದು ನಿಲ್ಲಿಸಿದರು. "ಸರ್, ಈಗ ಮನೇಲೂ ಬರೀ ಇಂಗ್ಲಿಷು. ಅಜ್ಜಿ ವಿಡಿಯೋ ಕಾಲ್ ಮಾಡಿದ್ರೆ ನಾನು ಮಧ್ಯ ನಿಂತು ಭಾಷಾಂತರ ಮಾಡ್ಬೇಕು. ಶನಿವಾರ ಪಾರ್ಕಲ್ಲಿ ಒಂದರ್ಧ ಗಂಟೆ ಕನ್ನಡ ಹೇಳ್ಕೊಡಿ."

ಒಪ್ಪಿದೆ. ಶನಿವಾರ ಬಿಸಿಲಿತ್ತು. ಚಾರ್ವಿ ಬೆಂಚಿನ ಮೇಲೆ ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಏನು ಕೇಳಿದರೂ ಉತ್ತರವಿಲ್ಲ.

"ಏನಮ್ಮ ಹೇಳಿ ಕರ್ಕೊಂಡ್ ಬಂದ್ರಿ?" ಎಂದೆ.

"ಏನಿಲ್ಲ ಸರ್," ಪ್ರತಿಭಾ ದನಿ ತಗ್ಗಿಸಿದರು. "ಸರ್ ಮುಂದೆ ಕನ್ನಡಾನೇ ಮಾತಾಡ್ಬೇಕು, ಒಂದ್ ಪದ ಇಂಗ್ಲಿಷ್ ಬರ್ಬಾರ್ದು ಅಂತ ಅಷ್ಟೇ."

ನನ್ನ ಬಾಳಿನಲ್ಲಿ ಅಪರೂಪಕ್ಕೆ ಹೆದರಿಕೆಯಾಗಲಿಲ್ಲ. ಹತ್ತು ನಿಮಿಷ ನೀವು ಒಂದು ಮಾತೂ ಆಡದೆ ಅವಳ ಪಕ್ಕ ಕೂತಿರಿ ಎಂದು ಅವರಿಗೆ ಹೇಳಿ ನಾನು ದೂರದ ಬೆಂಚಿಗೆ ಹೋದೆ. ಪಾಪ, ಪ್ರತಿಭಾ ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಬ್ಯಾಗಿನ ಜಿಪ್ ಎಳೆದರು, ಬಿಟ್ಟರು, ಆಕಾಶ ನೋಡಿದರು. ಚಾರ್ವಿ ಓರೆಗಣ್ಣಿನಲ್ಲಿ ತಾಯಿಯನ್ನು ನೋಡಿದಳು, ಮತ್ತೆ ನೋಡಿದಳು, ಕೊನೆಗೆ ತಡೆಯಲಾರದೆ ನನ್ನತ್ತ ಕೂಗಿದಳು:

"ಸರ್, ಅಮ್ಮಂಗೆ ಏನಾಯ್ತು? ಈಸ್ ಶೀ ಸಿಕ್, ಲೈಕ್?"

"ನಂಗೇನಾಗಿದೆಯೇ, ನಿಂಗೇ ಏನೋ ಆಗಿರೋದು!" ಎಂದು ಪ್ರತಿಭಾ ನಕ್ಕರು. ಚಾರ್ವಿಯೂ ನಕ್ಕಳು. ಆಮೇಲೆ ಅವರಿಬ್ಬರ ನಡುವೆ ಅದೇನು ಮಾತು ಶುರುವಾಯಿತೋ, ಎಷ್ಟು ಪಾಲು ಕನ್ನಡ, ಎಷ್ಟು ಪಾಲು ಇಂಗ್ಲಿಷ್ ಎಂದು ನಾನು ಲೆಕ್ಕವಿಡಲಿಲ್ಲ. ಇಂಥ ಹೊತ್ತಿನಲ್ಲಿ ಮೇಷ್ಟ್ರು ಮಾಡಬೇಕಾದದ್ದು ಒಂದೇ: ಬಾಯಿ ಮುಚ್ಚಿಕೊಂಡು ಕೂರುವುದು. ಮಾಸ್ಕ್ ಇತ್ತು, ಸುಲಭವಾಯಿತು.