ಎದುರುಮನೆ ಅಜ್ಜಿಯ ಕೈಗುಣ

ಪಕ್ಕದ ಮನೆಯವರು ಮೊಳಕೆ ಬಂದ ರಾಗಿ ಹುರಿಯುತ್ತಿದ್ದಾರೆ. ಆ ಘಮ ಮೂಗಿಗೆ ಬಡಿದ ಕೂಡಲೇ ನ್ಯಾಮತಿಯಲ್ಲಿದ್ದಾಗಿನ ಎದುರುಮನೆ ಅಜ್ಜಿ ನೆನಪಾದರು...

ಆಗ ಯುದ್ಧದ ಕಾಲ. ಚೊಚ್ಚಲ ಮಗಳಿಗೆ ಎಂಟು ತಿಂಗಳು. ನನಗೆ ಹಾಲು ಬತ್ತಿತ್ತು. ಗಟ್ಟಿ ಗಂಜಿ ಅವಳ ಗಂಟಲಲ್ಲಿ ಇಳಿಯದು, ನೀರು ಮಾಡಿದರೆ ಮೈಗೆ ಹತ್ತದು. ಅಜ್ಜಿ ಗಟ್ಟಿ ಗಂಜಿಯನ್ನೇ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಳಕೆ ರಾಗಿಹಿಟ್ಟು ಕಲಸುತ್ತಿದ್ದರು. ನೋಡನೋಡುತ್ತಲೇ ಅದು ತೆಳ್ಳಗಾಗಿ ಸಿಹಿಯಾಗುತ್ತಿತ್ತು. ಮಗು ಚಪ್ಪರಿಸಿ ಕುಡಿಯುತ್ತಿತ್ತು. ಕೇರಿಯವರು ಅದನ್ನು ಅಜ್ಜಿಯ ಕೈಗುಣ ಅನ್ನುತ್ತಿದ್ದರು. ಗಂಡ ತೀರಿದ, ಮಕ್ಕಳಿಲ್ಲದ ಆ ಜೀವಕ್ಕೆ ಇದ್ದ ಒಂದೇ ಸಂತೋಷ ನನ್ನ ಮಗಳಿಗೆ ಉಣಿಸುವುದು.

ಯುದ್ಧದಿಂದಾಗಿ ತವರ ಸಿಗದೆ, ತಾಮ್ರದ ಪಾತ್ರೆಯೊಳಗೆ ಅದನ್ನು ಬಳಿಯುವ ಕಲಾಯಿಯವನು ಊರಿಗೆ ಬರುವುದನ್ನೇ ಬಿಟ್ಟ. ಅಜ್ಜಿಯ ತಾಮ್ರದ ತಪ್ಪಲೆಯ ಕಲಾಯಿ ಸವೆದು ಒಳಗೆಲ್ಲ ಕೆಂಪು ಕಾಣುತ್ತಿತ್ತು. ಅದರಲ್ಲೇ ಗಂಜಿಯ ಹಿಟ್ಟು ನೆನೆಹಾಕಿ, ಹುಳಿ ಬಂದ ಮೇಲೆ ಕಾಯಿಸುತ್ತಿದ್ದರು. ಒಂದು ದಿನ ಎಷ್ಟು ಕಲಸಿದರೂ ಗಂಜಿ ಗಟ್ಟಿಯಾಗಿಯೇ ಉಳಿಯಿತು. ಮರುದಿನವೂ ಅಷ್ಟೇ.

“ನನ್ನ ಕೈಗೆ ಏನಾತೋ ಏನೋ ತಾಯಿ,” ಎಂದರು.

ನಾನು ಅವರ ಮೊಳಕೆ ಹಿಟ್ಟನ್ನೇ ತಂದು ನಮ್ಮ ಮಣ್ಣಿನ ಕುಡಿಕೆಯಲ್ಲಿ ಗಂಜಿ ಕಾಯಿಸಿ ಕಲಸಿದೆ. ತೆಳ್ಳಗಾಯಿತು. ನನ್ನ ಜಂಭ ನೋಡಬೇಕಿತ್ತು! ಓಡಿಹೋಗಿ ಹೇಳಿದೆ: “ನನ್ನ ಕೈಯಾಗೆ ಸರಿಯಾತು ಅಜ್ಜಿ. ಹಿಟ್ಟಿಂದೇನೂ ತಪ್ಪಿಲ್ಲ. ನಾಳೆಯಿಂದ ನಾನೇ ಮಾಡ್ಕಂತೀನಿ ಬಿಡ್ರಿ.”

ಅಜ್ಜಿ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೂ ಹಿಟ್ಟನ್ನು ತಪ್ಪದೆ ತಂದು ಹೊಸ್ತಿಲಾಚೆಯಿಂದಲೇ ಕೊಡುತ್ತಿದ್ದರು. ಮಗು ಕೈಚಾಚಿದರೆ “ಬ್ಯಾಡ ಕಂದಾ” ಎಂದು ಹಿಂದೆ ಸರಿಯುತ್ತಿದ್ದರು. ನಾನು ಒಂದು ಸಲವೂ ಒತ್ತಾಯ ಮಾಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು...

ಮಗಳು ಬೆಳೆದು ಕಾಲೇಜಿನಲ್ಲಿ ವಿಜ್ಞಾನ ಓದಿದಳು. ರಜೆಗೆ ಬಂದಾಗ ಒಂದು ಪ್ರಯೋಗದ ಸುದ್ದಿ ಹೇಳಿದಳು. ಗಂಜಿಯನ್ನು ಕರಗಿಸುವ ಕಿಣ್ವ ನಮ್ಮ ಎಂಜಲಿನಲ್ಲೂ ಇದೆ, ಮೊಳಕೆಕಾಳಿನಲ್ಲೂ ಇದೆ. ತುಸು ಮೈಲುತುತ್ತ ಬೆರೆಸಿದರೆ ಅದರ ಕೆಲಸ ನಿಂತುಹೋಗುತ್ತದಂತೆ.

“ಮೈಲುತುತ್ತದಾಗೆ ತಾಮ್ರ ಐತೆ ಕಣಮ್ಮ. ಅದು ಹೋಗಿ ಕಿಣ್ವಕ್ಕೆ ಅಂಟಿಕಂಡ್ರೆ ಆತು, ಕೆಲಸ ಮಾಡಾಕೆ ಬಿಡಾದಿಲ್ಲ.”

ಕಲಾಯಿ ಸವೆದ ತಪ್ಪಲೆಯ ತಾಮ್ರವೇ ಹುಳಿಗೆ ಕರಗಿ ಗಂಜಿಗೆ ಇಳಿದಿತ್ತು! ಅಜ್ಜಿಗೆ ಹೇಳಿಬರೋಣವೆಂದು ನಾನು ಎದ್ದು ಬಾಗಿಲವರೆಗೆ ಹೋಗಿಬಿಟ್ಟಿದ್ದೆ. ಎದುರುಮನೆಯಲ್ಲಿ ಆಗ ಬೇರೆ ಯಾರೋ ಇದ್ದರು.

ತಪ್ಪಲೆಯ ತಪ್ಪನ್ನು ತನ್ನ ಕೈಯದೆಂದೇ ನಂಬಿ ಆಕೆ ಹೋದರು. ನಂಬಿಸಿದವಳು ನಾನು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ತನಗೆ ಉಣಿಸಿ ಜೀವ ಉಳಿಸಿದ ಅಜ್ಜಿಯೊಬ್ಬರಿದ್ದರು ಎಂಬುದೇ ನನ್ನ ಮಗಳಿಗೆ ಗೊತ್ತಿಲ್ಲ.