ಕೊನೆಯ ಸಾಲಿನಲ್ಲಿ ತಂಗಿಯ ಹೆಸರು

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಮೂರು ಸಲ ಫೇಲಾದವಳು ನಾನು. ಈಗ ದಾವಣಗೆರೆಯ ವಿದ್ಯಾನಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷನ್ನೇ ಟೈಪ್ ಮಾಡುತ್ತೇನೆ. ಅದೂ ಡಾಕ್ಟರುಗಳ ಇಂಗ್ಲಿಷ್. ಕೇಳಿದವರು ನಗುತ್ತಾರೆ. ಆದರೆ ಅಕ್ಷರ ಗೊತ್ತಿದ್ದು ಅರ್ಥ ಗೊತ್ತಿಲ್ಲದಿದ್ದರೆ ಟೈಪಿಂಗ್ ಬಹಳ ಬೇಗ ಸಾಗುತ್ತದೆ. ಅರ್ಥವಾಗತೊಡಗಿದರೆ ಇದೇನು ಹೀಗೆ ಬರೆದಿದ್ದಾರೆ ಅನ್ನಿಸಿ ಕೈ ನಿಲ್ಲುತ್ತದೆ. ನನ್ನ ಕೈ ಎಂದೂ ನಿಂತಿಲ್ಲ. ಅದಕ್ಕೇ ನನ್ನ ಅಂಗಡಿ ಹೆಸರುವಾಸಿ, ಈಗ ನೋಡಿದರೆ ಅದೇ ನನ್ನ ತಪ್ಪು ಕೂಡ.

ಕೆಲಸ ಕಲಿತದ್ದು ಹರಿಹರದ ಒಂದು ಸಣ್ಣ ಪ್ರೆಸ್ಸಿನಲ್ಲಿ, ಅಪ್ಪನ ಪಕ್ಕದಲ್ಲಿ. ಅಪ್ಪ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮದುವೆ ಸುಗ್ಗಿಯಲ್ಲಿ ಲಗ್ನಪತ್ರಿಕೆ ಬಿಟ್ಟರೆ ಬೇರೆ ಕೆಲಸವಿರುತ್ತಿರಲಿಲ್ಲ. ಮದುವೆ ಯಾರದು, ಯಾವ ದಿನ ಎನ್ನುವುದನ್ನು ಜನ ಆಮೇಲೆ ನೋಡುತ್ತಾರೆ. ಮೊದಲು ನೋಡುವುದು ಕೆಳಗಿನ ಹೆಸರುಗಳನ್ನು: ಸುಖಾಗಮನ ಬಯಸುವವರು, ದೊಡ್ಡಪ್ಪಂದಿರು, ಸೋದರಮಾವಂದಿರು, ಅಳಿಯಂದಿರು, ಬೀಗರು. ಒಮ್ಮೆ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಯಿತು. ಆತ ಮದುವೆಗೆ ಬಂದ, ಮುಂದಿನ ಸಾಲಿನಲ್ಲೇ ಕೂತ, ಒಂದು ತುತ್ತು ಉಣ್ಣದೆ ಎದ್ದುಹೋದ. ಮದುವೆಯಾಗಿ ಹದಿನೈದು ದಿನಕ್ಕೆ ಹೆಣ್ಣಿನ ತಂದೆ ಪ್ರೆಸ್ಸಿಗೆ ಬಂದು, ಆತನ ಹೆಸರು ದಪ್ಪಕ್ಷರದಲ್ಲಿ ಹಾಕಿಸಿ ಒಂದೇ ಒಂದು ಪತ್ರಿಕೆ ಮಾಡಿಸಿಕೊಂಡು ಹೋದರು. ಮುಗಿದ ಮದುವೆಗೆ ಆತನೊಬ್ಬನಿಗೇ ಆಹ್ವಾನ. ಆಮೇಲೆ ಆತ ಉಂಡನಂತೆ.

ಎಲ್ಲ ಹಿರಿಯರೂ ಮುಗಿದ ಮೇಲೆ ಕೊನೆಗೊಂದು ಸಾಲು ಬರುತ್ತದೆ: "ನಮ್ಮ ಚಿಕ್ಕಮ್ಮನ ಮದುವೆಗೆ ತಪ್ಪದೇ ಬನ್ನಿ", ಅದರ ಕೆಳಗೆ ಮನೆಯ ಮಕ್ಕಳ ಹೆಸರು. ಅಪ್ಪ ಹೇಳುತ್ತಿದ್ದ, "ಹೊರಗಿನವ್ರು ಮೊದಲು, ಮನೆ ಮಕ್ಕಳು ಕೊನೇಗೆ. ಯಾರಿಗೂ ಬ್ಯಾಸರ ಆಗಂಗಿಲ್ಲ." ನಾನೂ ತಂಗಿಯೂ ಆ ಕೊನೆಯ ಸಾಲುಗಳನ್ನು ಓದಿ ಓದಿಯೇ ಅಕ್ಷರ ಕಲಿತೆವು. ನಾನು ಅಲ್ಲಿಗೇ ನಿಂತೆ. ಅವಳು ಮುಂದಕ್ಕೆ ಓದಿದಳು.

ಅಪ್ಪನ ದವಡೆಯಲ್ಲಿ ಸದಾ ಹೊಗೆಸೊಪ್ಪು. ಬಾಯಿ ಕ್ಯಾನ್ಸರ್ ಆಗಿ, ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನಾನು ಅತ್ತೆ. ತಂಗಿಯೂ ಅತ್ತಳು, ಆಮೇಲೆ ಅದನ್ನೇ ಹಿಡಿದು ಕೂತಳು. ಅವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ, ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅವಳು ಹಚ್ಚಿಕೊಂಡ ಕೆಲಸ ವಿಚಿತ್ರದ್ದು. ಕ್ಯಾನ್ಸರ್ ಬಗ್ಗೆ ಅಲ್ಲ, ಕ್ಯಾನ್ಸರ್ ಬಗ್ಗೆ ಬರೆಯುವವರ ಬಗ್ಗೆ. ಯಾವ ಸಂಶೋಧನಾ ಪತ್ರಿಕೆಯಲ್ಲಿ ಯಾವ ಕ್ಯಾನ್ಸರ್ ಬಗ್ಗೆ ಎಷ್ಟು ಲೇಖನ ಬಂತು, ಯಾವ ಊರಿಂದ ಬಂತು, ಅದನ್ನು ಆಮೇಲೆ ಯಾರು ನೆನೆದರು.

"ನೆನೆಯೋದು ಅಂದ್ರೆ?" ಅಂತ ಕೇಳಿದ್ದೆ.

"ಒಬ್ರು ಬರೆದಿದ್ದನ್ನ ಇನ್ನೊಬ್ರು ಓದಿ, ಅದರ ಮ್ಯಾಲೆ ತಮ್ಮ ಮಾತು ಕಟ್ಟಿರ್ತಾರೆ ನೋಡಕ್ಕ. ಅವಾಗ ಕೊನೇಗೆ ಅವರ ಹೆಸರು ಹೇಳಬೇಕು. ಅದಕ್ಕೆ ಸೈಟೇಷನ್ ಅಂತಾರೆ. ಯಾರ ಹೆಸರು ಎಷ್ಟು ಸಲ ಬಂತು ಅಂತ ಕಂಪ್ಯೂಟರ್ ಎಣಿಸ್ತೈತೆ."

ನನಗೆ ಥಟ್ಟನೆ ಅರ್ಥವಾಯಿತು. ಅರ್ಥವಾಯಿತು ಅಂದುಕೊಂಡೆ. ಕೊನೆಗೆ ಹೆಸರು ಹಾಕುವುದು ತಾನೇ.

ಹಾಗೆ ಅಂದುಕೊಳ್ಳಲು ನನ್ನ ಗಿರಾಕಿಗಳೂ ಕಾರಣ. ಲೇಖನದ ಕೊನೆಯಲ್ಲಿ ಆಧಾರ ಲೇಖನಗಳ ಪಟ್ಟಿ ಇರುತ್ತದೆ, ಒಂದೊಂದು ಪತ್ರಿಕೆಗೆ ಅದು ಒಂದೊಂದು ನಮೂನೆಯಲ್ಲಿರಬೇಕು. ಆ ನಮೂನೆ ಕೂಡಿಸುವುದರಲ್ಲಿ ನನ್ನನ್ನು ಮೀರಿಸಿದವರು ವಿದ್ಯಾನಗರದಲ್ಲಿ ಇಲ್ಲ. ಎಂ.ಡಿ. ಓದುವ ಹುಡುಗರು ಬಂದು ಹೇಳುತ್ತಿದ್ದರು, "ಅಕ್ಕಾರ, ಗೈಡ್ ಸರ್‌ದು ನಾಲ್ಕು ಹಾಕ್ರಿ, ಎಚ್ಒಡಿ ಮೇಡಂದು ಎರಡು. ಮೇಡಂದು ಸರ್‌ಗಿಂತ ಮ್ಯಾಲೆ ಬರಬೇಕು." "ಇವರು ಬರೆದಿದ್ದಕ್ಕೂ ನಿಮ್ಮ ಲೇಖನಕ್ಕೂ ಸಂಬಂಧ ಐತೇನ್ರಿ?" ಅಂದರೆ, "ಸಂಬಂಧ ಇಲ್ದೆ ಏನ್ರಿ, ಅವರೇ ಪಾಸ್ ಮಾಡೋರು" ಅನ್ನುತ್ತಿದ್ದರು. ಇದು ನನಗೆ ಹರಿಹರದ ಪ್ರೆಸ್ಸಿನ ಕೆಲಸವೇ. ಮದುವೆ ಮಾತ್ರ ಬೇರೆ.

ತಂಗಿಯ ಮೊದಲ ಲೇಖನ ಅಚ್ಚಾಗಿ ಮೂರು ವರ್ಷ ಕಳೆದಿತ್ತು. ಒಂದು ದಿನ ಫೋನಿನಲ್ಲಿ ಸುಮ್ಮನೆ ಅಂದಳು, "ಒಬ್ರೂ ಅದನ್ನ ಎತ್ತಿಲ್ಲಕ್ಕ. ಸೊನ್ನೆ. ಅಪ್ಪನ ರೋಗದ ಬಗ್ಗೆ ಬರೆದದ್ದಕ್ಕೂ ಅಪ್ಪನ ಗತಿನೇ ಆತು." ಆ ಸೊನ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಲ್ಲಿ ಎಲ್ಲರ ಹೆಸರೂ ಪತ್ರಿಕೆಯಲ್ಲಿದೆ, ನಮ್ಮ ಮನೆಯವರದು ಮಾತ್ರ ಬಿಟ್ಟುಹೋಗಿದೆ.

ಅದೇ ವಾರ ಹಲ್ಲಿನ ಡಾಕ್ಟರೊಬ್ಬರು ಅವಸರದಲ್ಲಿ ಬಂದರು. "ಪಟ್ಟಿನಾಗೆ ಮೂವತ್ತು ಇರಬೇಕಂತೆ ಮೇಡಂ, ನನ್ಹತ್ರ ಇಪ್ಪತ್ತೊಂಬತ್ತು ಅದಾವೆ. ಒಂದು ನೀವೇ ಎಲ್ಲಿಂದಾದ್ರೂ ನೋಡಿ ಹಾಕ್ರಿ." ನಾನು ಹೆಚ್ಚು ನೋಡಲು ಹೋಗಲಿಲ್ಲ. ತಂಗಿಯ ಲೇಖನವನ್ನು ಹಾಕಿದೆ. ಮೂವತ್ತನೆಯದು, ಎಲ್ಲ ಹಿರಿಯರೂ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ.

ಆ ಡಾಕ್ಟರು ಅದನ್ನು ಓದಲಿಲ್ಲ. ಅವರ ಗೈಡ್ ಓದಲಿಲ್ಲ. ಅಚ್ಚು ಹಾಕಿದ ಪತ್ರಿಕೆಯವರೂ ಓದಲಿಲ್ಲ. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಹೆಚ್ಚಾಗಿದ್ದರೆ ಮನೆಯ ಅಜ್ಜಿಯಾದರೂ ಹಿಡಿಯುತ್ತಿದ್ದಳು. ನನಗೆ ಧೈರ್ಯ ಬಂತು. ಆಮೇಲೆ ಯಾರೂ ಕೇಳದಿದ್ದರೂ ಹಾಕತೊಡಗಿದೆ. ಮೂತ್ರಕೋಶದ ಕಲ್ಲಿನ ಲೇಖನಕ್ಕೆ ಹಾಕಿದೆ, ಮಕ್ಕಳ ಜಂತುಹುಳಕ್ಕೆ ಹಾಕಿದೆ, ಮೆಕ್ಕೆಜೋಳದ ಕೀಟದ ಬಗ್ಗೆ ಹದಡಿ ಕಡೆಯಿಂದ ಬಂದ ಕೃಷಿ ವಿದ್ಯಾರ್ಥಿಯ ಲೇಖನಕ್ಕೂ ಹಾಕಿದೆ. ಎಲ್ಲದರಲ್ಲೂ ಕೊನೆಯ ಸಾಲು. ನಮ್ಮ ಮನೆ ಮಗಳನ್ನು ಹಿರಿಯರ ತಲೆ ಮೇಲೆ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಕಳ್ಳತನದಲ್ಲೂ ನಾನು ಮರ್ಯಾದೆ ಬಿಡಲಿಲ್ಲ.

ಮರುವರ್ಷ ತಂಗಿ ಫೋನ್ ಮಾಡಿ "ಹೋಳಿಗೆ ಮಾಡೀನಿ, ಸಂಜೆ ಮನೆಗೆ ಬಾ" ಅಂದಳು. ಹಬ್ಬವಲ್ಲ, ಹುಣ್ಣಿಮೆಯಲ್ಲ. ಹೋದರೆ ಅವಳ ಮುಖವೇ ಬೇರೆ. ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಬಿಡುತ್ತಾ ಅಂದಳು, "ಅಕ್ಕಾ, ಯಾರೋ ಓದಾಕತ್ಯಾರೆ."

"ಏನನ್ನ?"

"ನಂದನ್ನ. ಅಪ್ಪಂದನ್ನ. ಸೊನ್ನೆ ಹೋಗಿ ಏರಾಕತ್ತೈತೆ. ಯಾವ್ಯಾವ ವಿಷಯದೋರೆಲ್ಲ ಎತ್ಯಾರೆ ಗೊತ್ತಾ? ಮೆಕ್ಕೆಜೋಳದೋರೂ ಎತ್ಯಾರೆ! ನಾನೇ ನನ್ನ ಲೇಖನನ ಅಷ್ಟು ದೊಡ್ಡದು ಅಂದ್ಕೊಂಡಿರಲಿಲ್ಲ."

ಆಗಲೇ ಹೇಳಬೇಕಿತ್ತು. ಬಾಯಲ್ಲಿ ಹೋಳಿಗೆ ಇತ್ತು. ಎರಡು ಹೋಳಿಗೆ ತಿಂದೆ, ಮೂರನೆಯದನ್ನೂ ಹಾಕಿಸಿಕೊಂಡೆ.

ಅವಳು ನನ್ನಂತಲ್ಲ. ಯಾರಾದರೂ ತನ್ನ ಮಾತನ್ನು ಎತ್ತಿದ್ದಾರೆ ಅಂದರೆ ಏನಂದಿದ್ದಾರೆ ಅಂತ ನೋಡುವವಳು. ಒಂದೊಂದಾಗಿ ಆ ಲೇಖನಗಳನ್ನೆಲ್ಲ ತರಿಸಿಕೊಂಡು ಪೂರ್ತಿ ಓದಿದಳು. ಬಹುಶಃ ಅವುಗಳನ್ನು ಪೂರ್ತಿ ಓದಿದ ಮೊದಲನೆಯವಳು ಅವಳೇ. ಯಾವುದರ ಒಳಗೂ ಅವಳ ಮಾತಿರಲಿಲ್ಲ. ಕೊನೆಯ ಪಟ್ಟಿಯಲ್ಲಿ ಹೆಸರು ಮಾತ್ರ ಇತ್ತು, ಪ್ರತಿಯೊಂದರಲ್ಲೂ ಕೊನೆಗೇ ಇತ್ತು.

ಮುಂದಿನ ಸಲ ಹೋದಾಗ ಹೋಳಿಗೆ ಇರಲಿಲ್ಲ. ಮಂಡಕ್ಕಿ ಕಲಸುತ್ತಾ, ತಲೆ ಎತ್ತದೆ ಕೇಳಿದಳು, "ಅಕ್ಕಾ, ಯಾರೋ ಬೇಕಂತ ನನ್ನ ಹೆಸರು ತುರುಕಾಕತ್ಯಾರೆ ಅನಸ್ತೈತೆ. ಯಾರಿರಬಹುದು?"

"ಯಾರೋ ನಿನ್ನ ಅಭಿಮಾನಿಗಳು ಇರಬೇಕು ಬಿಡೆ."

"ನನಗೆ ಅಭಿಮಾನಿಗಳು?"

"ಯಾಕ, ಇರಬಾರದೇನು?"

ಅವಳು ಈರುಳ್ಳಿ ಹಾಕಿ, ನಿಂಬೆಹಣ್ಣು ಹಿಂಡಿ, ತಟ್ಟೆಯನ್ನು ನನ್ನ ಮುಂದೆ ಇಟ್ಟಳು. ಹೇಳಲು ಅವಕಾಶ ಕೊಟ್ಟಿದ್ದಳು ಅಂತ ಈಗ ಗೊತ್ತಾಗುತ್ತದೆ. ಅವತ್ತು ಖಾರ ಜಾಸ್ತಿಯಾಯಿತು ಅಂತ ನೀರು ಕುಡಿದೆ.

ಅಷ್ಟರಲ್ಲಿ ಅವಳ ದೊಡ್ಡ ಅಧ್ಯಯನ ಮುಗಿದಿತ್ತು. ಕ್ಯಾನ್ಸರ್ ಪತ್ರಿಕೆಗಳಲ್ಲಿ ಯಾರು ಯಾರನ್ನು ನೆನೆಯುತ್ತಾರೆ ಅನ್ನುವುದು. ಅದನ್ನು ಕಾಲೇಜಿನ ಹಿರಿಯರ ಸಮಿತಿಯ ಮುಂದಿಡಬೇಕು. ಅವರು ಒಪ್ಪಿದರೆ ಮಾತ್ರ ಕಾಲೇಜಿನ ಹೆಸರಲ್ಲಿ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಐದು ವರ್ಷದ ದುಡಿಮೆ ಬೀರುವಿನಲ್ಲಿ. ಸ್ಲೈಡುಗಳನ್ನು ಮಾಡಿಕೊಟ್ಟವಳು ನಾನೇ. ಎಂದಿನಂತೆ ಓದದೆ ಮಾಡಿದೆ. "ನೀನೇ ಬಂದು ಸ್ಲೈಡ್ ಬದಲಿಸು" ಅಂದಳು. ಇಸ್ತ್ರಿ ಸೀರೆ ಉಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ.

ಒಂದು ಸ್ಲೈಡಿನಲ್ಲಿ ಒಂದೊಂದು ಲೇಖನಕ್ಕೆ ಒಂದರಂತೆ ಹತ್ತಾರು ಗೆರೆಗಳಿದ್ದವು. ಎಲ್ಲವೂ ನೆಲಕ್ಕೆ ಹತ್ತಿಕೊಂಡು ತೆವಳುತ್ತಿದ್ದರೆ, ಒಂದು ಮಾತ್ರ ಸೊನ್ನೆಯಿಂದ ಎದ್ದು ಮೇಲಕ್ಕೆ ಹಾರಿತ್ತು. ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಮೇಡಂ, ಆ ಏರಿದ ಗೆರೆ ನಿಮ್ಮ ಲೇಖನದ್ದೇ ಅಲ್ವೇನ್ರಿ?" ಅಂದರು. ಇಬ್ಬರು ನಕ್ಕರು.

"ಹೌದು ಸರ್, ನಂದೇ. ಅದನ್ನ ಯಾರೂ ಓದಿಲ್ಲ. ಸುಳ್ಳು ಲೆಕ್ಕ ಹೆಂಗೆ ಏರ್ತೈತೆ ಅನ್ನೋಕೆ ಅದನ್ನ ಇಲ್ಲಿ ಇಟ್ಟೀನಿ."

"ಏರಿಸಿದವರು ಯಾರು?"

ತಂಗಿ ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸಿಕೊಂಡಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಅವಳಿಗೆ ಗೊತ್ತಿದೆ ಅಂತ ನನಗೆ ಗೊತ್ತಾದದ್ದು ಅವಳು ತಿರುಗದೇ ಇದ್ದುದರಿಂದ. ಎದ್ದು "ನಾನೇರಿ" ಅಂದಿದ್ದರೆ ಒಂದು ನಿಮಿಷದ ಅವಮಾನ, ಅದೂ ನನಗೆ. ನಾನು ಎದ್ದೇಳಲಿಲ್ಲ. ಬೆರಳು ತನ್ನಷ್ಟಕ್ಕೆ ಮುಂದಿನ ಸ್ಲೈಡನ್ನು ಒತ್ತಿತು. ಗೋಡೆಯ ತುಂಬ ಕೆಂಪು ಗುಲಾಬಿ, ಅದರ ಮೇಲೆ "ಧನ್ಯವಾದಗಳು". ಅಂದಕ್ಕಿರಲಿ ಅಂತ ಗುಲಾಬಿ ಹಾಕಿದ್ದೂ ನಾನೇ.

ಅವಳೇ ಏರಿಸಿಕೊಂಡಿರಬಹುದು ಅನ್ನುವ ಅನುಮಾನ ಬಂದದ್ದರಿಂದ ಅಧ್ಯಯನವನ್ನು ತಡೆಹಿಡಿದರು. ಹಾಗೆ ಅನುಮಾನಪಟ್ಟ ಸಮಿತಿಯವರಲ್ಲಿ ಮೂವರ ಆಧಾರ ಪಟ್ಟಿಗಳನ್ನು ನಾನೇ ಕೂಡಿಸಿಕೊಟ್ಟಿದ್ದೆ, ಅವರ ಹೆಂಡಿರ ಲೇಖನಗಳ ಸಮೇತ. ವಾರದ ಮೇಲೆ ಅವರಲ್ಲೊಬ್ಬರು ಅಂಗಡಿಗೆ ಬಂದು, ದನಿ ತಗ್ಗಿಸಿ, "ಆ ಗೆರೆ ಅಷ್ಟು ಮ್ಯಾಲೆ ಹೋಗಬೇಕಂದ್ರೆ ಏನು ಮಾಡಬೇಕಾಗ್ತೈತೆ ಅಕ್ಕಾರ?" ಅಂತ ಕೇಳಿದರು.

ಅವತ್ತು ಅಂಗಡಿ ಅರ್ಧಕ್ಕೇ ಮುಚ್ಚಿ ನಿಟ್ಟುವಳ್ಳಿಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ, "ನಾನೇ ಮಾಡಿದ್ದು."

"ಗೊತ್ತು. ಮನೆ ಮಕ್ಕಳನ್ನ ಕೊನೇ ಸಾಲಿಗೆ ಹಾಕೋರು ಹರಿಹರದ ಪ್ರೆಸ್ಸಿನಾಗೆ ಕಲಿತೋರು ಮಾತ್ರ." ಆಮೇಲೆ ಕೇಳಿದಳು, "ಹೋಗ್ಲಿ, ನೀನಾದ್ರೂ ಓದಿದ್ಯಾ ಅದನ್ನ?"

ಮೂವತ್ತನೆಯದಾಗಿ, ನಲವತ್ತನೆಯದಾಗಿ, ಐವತ್ತೆರಡನೆಯದಾಗಿ ಅದರ ಹೆಸರನ್ನು ಟೈಪ್ ಮಾಡಿದ್ದೆ. ಒಂದು ಸಾಲೂ ಓದಿರಲಿಲ್ಲ. ಅವಳ ಲೇಖನಕ್ಕೆ ಓದುಗರಿಲ್ಲ ಅಂತ ಕೊರಗಿದ ನನಗೆ, ನಾನೊಬ್ಬಳಾದರೂ ಓದಬಹುದು ಅಂತ ಹೊಳೆದೇ ಇರಲಿಲ್ಲ. "ಇಲ್ಲ" ಅಂದೆ. ಅವಳು ಒಳಗೆ ಹೋದಳು, ಬಾಗಿಲು ತೆರೆದೇ ಇತ್ತು. ಒಳಗೆ ಹೋಗಲು ನನಗೆ ಧೈರ್ಯವಾಗಲಿಲ್ಲ.

ಸಮಿತಿಗೆ ಪತ್ರ ಬರೆದೆ. ಕನ್ನಡದಲ್ಲಿ, ನನ್ನ ಹೆಸರು ಹಾಕಿ, ಮೊದಲ ಸಾಲಿನಲ್ಲೇ. ಆ ಲೇಖನಗಳು ಬಂದ ಪತ್ರಿಕೆಗಳಿಗೂ ಬರೆದೆ, ಅವನ್ನು ತಂಗಿಯ ಗಂಡ ಇಂಗ್ಲಿಷ್ ಮಾಡಿಕೊಟ್ಟರು: ಈ ಹೆಸರು ತೆಗೆಯಿರಿ, ಅದನ್ನು ಸೇರಿಸಿದವಳು ಲೇಖಕರಲ್ಲ, ಟೈಪ್ ಮಾಡಿದ ನಾನು. ಹೆಚ್ಚಿನವರು ಉತ್ತರಿಸಲಿಲ್ಲ. ಒಂದು ಪತ್ರಿಕೆಯವರು ಮಾತ್ರ ಅವತ್ತೇ ಉತ್ತರ ಕಳಿಸಿದರು. ನನ್ನ ಪತ್ರ ಬಹಳ ಮೌಲಿಕವಾಗಿದೆಯಂತೆ, ಅದನ್ನು ಲೇಖನವಾಗಿ ಪ್ರಕಟಿಸಲು ಸಂತೋಷವಂತೆ, ಕೊನೆಗೆ ಆಧಾರಗಳ ಪಟ್ಟಿಯೊಂದನ್ನು ಸೇರಿಸಿ ಕಳಿಸಬೇಕಂತೆ. ಸಮಿತಿಯವರು ಆ ಒಂದು ಗೆರೆಯನ್ನು ಅಳಿಸಿದರೆ ಅಧ್ಯಯನವನ್ನು ಹೊರಗೆ ಬಿಡುತ್ತೇವೆ ಅಂದಿದ್ದಾರೆ. ತಂಗಿ ಅಳಿಸುವುದಿಲ್ಲ ಅಂದಿದ್ದಾಳೆ. ಅದು ಇನ್ನೂ ಅವರ ಬೀರುವಿನಲ್ಲೇ ಇದೆ.

ನಾನು ಈಗ ಅವಳ ಲೇಖನ ಓದುತ್ತಿದ್ದೇನೆ. ಹರಿಹರದ ಮನೆಯಿಂದ ಅಂಗಡಿಗೆ ಬರುವ ಬಸ್ಸಿನಲ್ಲಿ, ಮಡಿಲಲ್ಲಿ ಡಿಕ್ಷನರಿ ಇಟ್ಟುಕೊಂಡು, ದಿನಕ್ಕೆ ಐದಾರು ಸಾಲು. ಸಾಲಿನ ಮೇಲಿಟ್ಟ ಕೈ ನಿಲ್ಲುತ್ತದೆ, ನಿಲ್ಲಲಿ. ಎರಡು ತಿಂಗಳಿಗೆ ನಾಲ್ಕನೆಯ ಪುಟದ ಕೋಷ್ಟಕಕ್ಕೆ ಬಂದೆ. ಯಾವ ಊರಿನ ರೋಗಿಗಳ ಬಗ್ಗೆ ಎಷ್ಟು ಲೇಖನ ಅನ್ನುವ ಕೋಷ್ಟಕ. ಎರಡು ದಿನ ಅದನ್ನೇ ನೋಡಿ, ಮೂರನೆಯ ದಿನ ಫೋನ್ ಮಾಡಿದೆ. ಅಷ್ಟು ದಿನ ನಾವು ಬೇಕಾದಷ್ಟೇ ಮಾತಾಡುತ್ತಿದ್ದೆವು.

"ಇದರಾಗೆ ಊರು ಅಂತ ಬರೆದೀಯಲ್ಲ, ಅದು ರೋಗಿ ಊರೋ, ಆಸ್ಪತ್ರೆ ಊರೋ?"

"ಆಸ್ಪತ್ರೆದು. ಲೇಖನ ಎಲ್ಲಿಂದ ಬರ್ತೈತೋ ಆ ಊರು. ಯಾಕ?"

"ಹಂಗಾದ್ರೆ ಅಪ್ಪ ಎಲ್ಲಿ ಬರ್ತಾನೆ? ಅಪ್ಪ ಸತ್ತಿದ್ದು ಆ ಊರಾಗೆ. ಅಲ್ಲಿ ಡಾಕ್ಟ್ರು ಬರೆದ್ರೆ ಅವನು ಆ ಊರಿನೋನು ಆಗಿಬಿಡ್ತಾನೆ. ಹರಿಹರದ ಮುಂದೆ ಸೊನ್ನೆನೇ ಇರ್ತೈತೆ, ಅಲ್ಲೇನು?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ಕಾಗದ ಮಗುಚಿದ ಸದ್ದಾಯಿತು.

"ಇನ್ನೊಂದು ಸಲ ಹೇಳಕ್ಕ, ಬರ್ಕೊಂತೀನಿ."

ಹೇಳಿದೆ. ಅವಳು ಬರೆದುಕೊಂಡಳು.

"ಇದನ್ನ ಇಷ್ಟು ವರ್ಷದಾಗೆ ಒಬ್ರೂ ಕೇಳಿರಲಿಲ್ಲ" ಅಂದಳು. "ಮುಂದಿನ ಲೇಖನದಾಗೆ ಸೇರಿಸ್ತೀನಿ. ನಿನ್ನ ಹೆಸರು ಹಾಕಬೇಕಾಗ್ತೈತೆ."

"ಬ್ಯಾಡ" ಅಂದೆ. "ಕೊನೇ ಸಾಲಿನಾಗೂ ಬ್ಯಾಡ."

ಅವಳು ನಕ್ಕಳು. ಹೋಳಿಗೆಯ ದಿನದ ನಂತರ ಅವತ್ತೇ ನಕ್ಕದ್ದು. ಆಮೇಲೆ ಕೇಳಿದಳು, "ಐದನೇ ಪುಟ ಯಾವಾಗ ಓದ್ತೀ?"